ಕೆಂಡದ ಮೇಲಿನ ರೊಟ್ಟಿ

ಎಲ್ಲರಿಗೂ ಸ್ತೋತ್ರ. ಒಂದೊಂದೇ ಅಕ್ಷರ ಒತ್ತಿ ಬರೆಯಲು ನನ್ನ ಕಣ್ಣು ಬಿಡುವುದಿಲ್ಲ, ಆದ್ದರಿಂದ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉದ್ದವಾದರೆ ಕೈಕೆಲಸ ಮಾಡುತ್ತಾ ಕೇಳಿರಿ.

ಪುಟ್ಟಿ, ರಾತ್ರಿ ಎರಡು ಗಂಟೆಗೆ ನೀನು ಇಲ್ಲಿ, ಮನೆಯವರ ಗುಂಪಿನಲ್ಲಿ, ಹಾಕಿದ್ದನ್ನು ಬೆಳಿಗ್ಗೆ ಓದಿದೆ. ಕೆಲಸ ಹೋಗಿ ಎಂಟು ತಿಂಗಳಾಯಿತು, ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ, ಇನ್ನು ದೇವಾಲಯಕ್ಕೆ ಹೋಗುವುದಿಲ್ಲ ಎಂದಿದ್ದೀಯೆ. ಅದರ ಕೆಳಗೆ ನನ್ನ ಮೈದುನ, ವಿಶ್ವಾಸ ಸಾಲದು, ಉಪವಾಸ ಮಾಡು ಎಂದು ಬರೆದು ಕೈಮುಗಿದ ಚಿತ್ರ ಹಾಕಿದ್ದಾನೆ.

ಮೈದುನ, ನಿನ್ನನ್ನು ಬೈಯುವ ಹಕ್ಕು ನನಗಿದೆ, ಬೈಯುತ್ತೇನೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಗೋಳಾಡಿದ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ದೇವರು ಯೋಬನನ್ನೂ ಗದರಿಸಿದ್ದು ನಿಜ. ಆದರೆ ಆತನ ಕೋಪ ಉರಿದದ್ದು ಗೋಳಾಡಿದವನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದವರ ಮೇಲೆ.

ಪುಟ್ಟಿ, ಪ್ರವಾದಿ ಎಲೀಯನನ್ನು ನೆನೆಸಿಕೋ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಬೀಳುವುದನ್ನು ಕಂಡವನು. ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಓಡಿಹೋಗಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಎಂದ. ದೇವದೂತ ಬಂದವನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಇಟ್ಟ, ತಂಬಿಗೆ ನೀರಿಟ್ಟ, ಎದ್ದು ತಿನ್ನು ಎಂದ. ಎಲೀಯ ತಿಂದು ಮತ್ತೆ ಮಲಗಿದ! ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡ. ನಿನ್ನ ವಿಶ್ವಾಸ ಎಷ್ಟು ತೂಗುತ್ತದೆ ಎಂದು ಯಾರೂ ಅಲ್ಲಿ ತಕ್ಕಡಿ ಹಿಡಿದು ನಿಂತಿರಲಿಲ್ಲ.

ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನನ್ನಿಂದ ಒಂದು ಗೀತೆ ಹಾಡಲಾಗಲಿಲ್ಲ. ಇದನ್ನು ನಿಮಗೆ ಯಾರಿಗೂ ಹೇಳಿರಲಿಲ್ಲ. ಬೆಟಗೇರಿಯ ದೇವಾಲಯದಲ್ಲಿ ಕೊನೆಯ ಬೆಂಚಿನಲ್ಲಿ ಪುಸ್ತಕ ತೆರೆದುಕೊಂಡು ಸುಮ್ಮನೆ ನಿಲ್ಲುತ್ತಿದ್ದೆ. ಉಳಿದವರು ಹಾಡುತ್ತಿದ್ದರು, ನನ್ನ ಪಾಲಿನದನ್ನೂ ಅವರೇ ಹಾಡಿದರು ಎಂದುಕೊಳ್ಳುತ್ತೇನೆ. ಮನೆಯಲ್ಲಿ ಓದುತ್ತಿದ್ದದ್ದು 88ನೆಯ ಕೀರ್ತನೆ ಮಾತ್ರ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಉಳಿದವುಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರಲ್ಲ ಎಂಬುದೇ ನನಗೆ ಆಗ ದೊಡ್ಡ ಸಮಾಧಾನ. ಸಿಟ್ಟಿದ್ದರೆ ಸಿಟ್ಟನ್ನೇ ಆತನಿಗೆ ಹೇಳು. ಮಾತು ಹೊರಡದಿದ್ದರೆ ಆ ಕೀರ್ತನೆ ಓದು.

ನಮ್ಮ ಮುತ್ತಜ್ಜ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಉಪದೇಶಿ ಎಂದು ನಿಮಗೆ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್, ಎಂಬತ್ತು ವರ್ಷ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಂದು ಬೇರು ಬಿಟ್ಟಿತ್ತು. 1914ರಲ್ಲಿ ಯುದ್ಧ ಬಂತು. ಅದರ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರು ದೇಶದವರಾದರು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ಆಮೇಲೆ ದೇಶದಿಂದಲೇ ಕಳುಹಿಸಿದರು. ಕಾರ್ಖಾನೆಗಳೂ ಕೈ ತಪ್ಪಿದವು. ಸಂಬಳ ಕೊಡುವವರು, ಪ್ರಸಂಗ ಮಾಡುವವರು, ಎಲ್ಲರೂ ಹೋದರು. ಆಗ ಹೇಗೆ ನಂಬಿಕೆ ಉಳಿಸಿಕೊಂಡಿರಿ ಎಂದು ಅಜ್ಜ ಒಮ್ಮೆ ಕೇಳಿದ್ದರಂತೆ. ‘ನಂಬಿಕೆಯ ವಿಷಯ ಗೊತ್ತಿಲ್ಲ, ಭಾನುವಾರ ಬಂತು, ಗಂಟೆ ಹೊಡೆದೆವು’ ಎಂದರಂತೆ ಮುತ್ತಜ್ಜ. ನಮ್ಮ ಮನೆಯಲ್ಲಿ ಇದನ್ನು ನಗೆಯ ಮಾತಾಗಿ ಹೇಳುತ್ತಿದ್ದರು. ನನಗೆ ಈಗೀಗ ನಗು ಬರುವುದಿಲ್ಲ.

ಇನ್ನೊಂದು, ನಾನು ಮೇಷ್ಟರ ಬುದ್ಧಿ ಬಿಡುವವಳಲ್ಲ. ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಓದುತ್ತೇವಲ್ಲ, ಅದೇ ನಿರೀಕ್ಷೆ ರೈಲು ನಿಲ್ದಾಣದ ಫಲಕದ ಮೇಲೂ ಇದೆ, ನಿರೀಕ್ಷಣಾ ಕೊಠಡಿ ಎಂದು. ಅಲ್ಲಿ ಕುಳಿತವರು ಯಾರೂ ಉತ್ಸಾಹದಿಂದ ಕುಣಿಯುವುದಿಲ್ಲ. ತೂಕಡಿಸುತ್ತಾರೆ, ರೈಲು ತಡವೆಂದು ಬೈಯುತ್ತಾರೆ, ಆದರೆ ಎದ್ದು ಮನೆಗೆ ಹೋಗುವುದಿಲ್ಲ.

ರೈಲು ಎಂದಾಗ ನೆನಪಾಯಿತು. ಬುಧವಾರ ರಾತ್ರಿ ಗದಗಿನಿಂದ ಹೊರಡುತ್ತೇನೆ. ಗುರುವಾರ ಆಸ್ಪತ್ರೆಗೆ ತಂಗಿಯ ಜೊತೆ, ಅಂದರೆ ನಿನ್ನ ಅಮ್ಮನ ಜೊತೆ, ನಾನು ಹೋಗುತ್ತೇನೆ, ನೀನು ಬಾಗಿಲು ಹಾಕಿಕೊಂಡು ಮಲಗು. ಭಾನುವಾರದ ಮಾತು ಭಾನುವಾರ. ಬಂದರೆ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳೋಣ, ಬಾರದಿದ್ದರೆ ನಾನೊಬ್ಬಳೇ ಹೋಗಿ ಬರುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ಖಡಕ್ ರೊಟ್ಟಿಯನ್ನು ಡಬ್ಬಿ ತುಂಬ ತರುತ್ತಿದ್ದೇನೆ. ತಂಗಿಗೆ ಶೇಂಗಾ ಚಟ್ನಿ ಆಗುತ್ತದೆಯೇ, ಉಪ್ಪು ಎಷ್ಟು ಹಾಕಬಹುದು ಎಂದು ಡಾಕ್ಟರನ್ನು ಕೇಳಿ ನಾಳೆಯೊಳಗೆ ತಿಳಿಸು.