ಪದಚರ್ಚೆ: ‘ಕೊರಿಯನ್-ಚೈನೀಸ್’ ಹೋಟೆಲಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಕೊರಿಯಾದ ಹೋಟೆಲುಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಒಂದು ಪದ ಕಾಲಿಗೆ ತೊಡರಿದೆ. ಇಂಗ್ಲಿಷಿನಲ್ಲಿ ‘ಕೊರಿಯನ್-ಚೈನೀಸ್ ರೆಸ್ಟೋರೆಂಟ್’ ಅಂತಾರಲ್ಲ, ಅದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಇಳಿಸಿಬಿಟ್ಟರೆ ನಮ್ಮವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ. ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್’ ಅಂತ ಒಂದೇ ಬೋರ್ಡಿನಲ್ಲಿ ಬರೆಸಿರುವ ಹೋಟೆಲುಗಳನ್ನು ನೋಡಿಕೊಂಡು ಬೆಳೆದವರು ನಾವು. ಎರಡು ಹೆಸರು ಅಕ್ಕಪಕ್ಕ ಕಂಡರೆ ಅದೂ ಸಿಗುತ್ತೆ, ಇದೂ ಸಿಗುತ್ತೆ ಅಂತಲೇ ಓದಿಕೊಳ್ಳುತ್ತೇವೆ.

ಅಲ್ಲಿ ಸಂಗತಿ ಹಾಗಿಲ್ಲ, ಕೊರಿಯಾದವರ ನಾಲಿಗೆಗೆ ಒಗ್ಗಿಹೋದ ಚೀನಾ ಅಡುಗೆಯ ಹೋಟೆಲು ಅದು. 1883ರಲ್ಲಿ ಇಂಚಿಯಾನ್ ಬಂದರು ಹೊರಗಿನವರಿಗೆ ತೆರೆದುಕೊಂಡಿತು. ಹಳದಿ ಸಮುದ್ರದ ಆಚೆ ದಡದ ಶಾಂಡೋಂಗ್‌ನಿಂದ ಕೂಲಿಯವರು, ವ್ಯಾಪಾರಿಗಳು ಬಂದರು. ಹುರಿದ ಸೋಯಾ ಗೊಜ್ಜು ಹಾಕಿದ ಅವರೂರಿನ ನೂಡಲ್ಸೂ ಜೊತೆಗೇ ಬಂತು. ಬರ್ತಾ ಬರ್ತಾ ಆ ಗೊಜ್ಜಿಗೆ ಸುಟ್ಟ ಸಕ್ಕರೆಯ ಪಾಕ ಸೇರಿ ಕಪ್ಪಗಾಯಿತು, ಸಿಹಿಯಾಯಿತು, ಈರುಳ್ಳಿ ಜಾಸ್ತಿಯಾಯಿತು. ಕೊರಿಯಾ ಯುದ್ಧದ ನಂತರ ಅಮೆರಿಕದಿಂದ ನೆರವಿನ ಗೋಧಿ ಬಂದು ಹಿಟ್ಟು ಅಗ್ಗವಾದ ಮೇಲಂತೂ ಅದು ಊರೂರಿನ ಊಟವಾಯಿತು. ಇವತ್ತಿನ ಜಾಜಂಗ್‌ಮ್ಯನ್ ಅದೇ. ಚೀನಾದಿಂದ ಈಗ ಬಂದವರಿಗೆ ಅದು ತಮ್ಮೂರಿನ ಅಡುಗೆ ಅನ್ನಿಸುವುದು ಅಷ್ಟಕ್ಕಷ್ಟೇ, ನಮ್ಮ ಗೋಬಿ ಮಂಚೂರಿ ಇದ್ದ ಹಾಗೆ. ಇಂಚಿಯಾನ್‌ನ ಚೈನಾಟೌನಿನಲ್ಲಿ ಗೊಂಗ್‌ಹ್ವಾಚುನ್ ಅನ್ನೋ ಹಳೇ ಹೋಟೆಲಿನ ಕಟ್ಟಡವಿದೆ. 2012ರಿಂದ ಅದು ಈ ಒಂದು ನೂಡಲ್ಸಿಗಾಗಿಯೇ ಇರುವ ಮ್ಯೂಸಿಯಂ!

ಇಲ್ಲಿಗೆ ಮುಗಿಯಲಿಲ್ಲ. ‘ಕೊರಿಯನ್-ಚೈನೀಸ್’ಗೆ ಮೂರನೇ ಅರ್ಥವೂ ಉಂಟು. ಚೀನಾದ ಯಾನ್‌ಬಿಯನ್ ಕಡೆ ತಲೆಮಾರುಗಳಿಂದ ನೆಲೆಸಿರುವ ಕೊರಿಯನ್ನರಿದ್ದಾರೆ. ಅವರಲ್ಲಿ ತುಂಬಾ ಜನ ಈಗ ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕಿದ್ದಾರೆ, ಸೋಲ್ ನಗರದ ತೇರಿಮ್ ಬಡಾವಣೆಯಲ್ಲಿ ಅವರ ಹೋಟೆಲುಗಳು ಸಾಲಾಗಿವೆ. ಅಲ್ಲಿ ಜೀರಿಗೆ, ಖಾರದಪುಡಿ ಹಚ್ಚಿ ಕೆಂಡದ ಮೇಲೆ ಸುಟ್ಟ ಕುರಿಮಾಂಸದ ಕಡ್ಡಿಗಳು ಸಿಗುತ್ತವೆ. ಜಾಜಂಗ್‌ಮ್ಯನ್ ಮಾಡುವ ಹೋಟೆಲೇ ಬೇರೆ, ಇದೇ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಜೋಡಿ ಹೆಸರು.

ನನಗನ್ನಿಸುವುದು, ನಮ್ಮ ಆರನೇ ವಿಭಕ್ತಿ ಇದನ್ನು ಸಲೀಸಾಗಿ ಬಿಡಿಸಿಕೊಡುತ್ತದೆ. ಜಾಜಂಗ್‌ಮ್ಯನ್ ಹೋಟೆಲಿನದು ‘ಕೊರಿಯಾದ ಚೈನೀಸ್’. ಕುರಿಮಾಂಸದ ಕಡ್ಡಿಯವರದು ‘ಚೀನಾದ ಕೊರಿಯನ್ನರ ಅಡುಗೆ’. ಎರಡೂ ಸಿಗುವ ಕಡೆಗೆ ‘ಕೊರಿಯನ್ ಮತ್ತು ಚೈನೀಸ್’. ಅಡ್ಡಗೆರೆಯ ಗೊಡವೆಯೇ ಬೇಡ. ಇಲ್ಲಿ ‘ಚೀನೀ’ ಬಿಟ್ಟು ‘ಚೈನೀಸ್’ ಅಂತ ಬೇಕಂತಲೇ ಇಟ್ಟಿದ್ದೇನೆ. ನಮ್ಮಲ್ಲಿ ‘ಚೀನೀ’ ಅಂದರೆ ದೇಶದ ಮಾತು, ಚೀನೀ ಸರ್ಕಾರ, ಚೀನೀ ಭಾಷೆ. ‘ಚೈನಾ’ ಅಂದರೆ ಅಗ್ಗದ ಸಾಮಾನು, ಚೈನಾ ಮೊಬೈಲು, ಚೈನಾ ಪಟಾಕಿ. ‘ಚೈನೀಸ್’ ಅಂದರೆ ತಿನ್ನೋದು, ಅದೂ ಇಲ್ಲಿಯ ನಾಲಿಗೆಗೆ ಒಗ್ಗಿಸಿಕೊಂಡಿದ್ದು. ಯಾರೂ ಕೂತು ತೀರ್ಮಾನ ಮಾಡದೆ ಮೂರು ಪದ ಮೂರು ಕೆಲಸ ಹಂಚಿಕೊಂಡಿವೆ, ಅದನ್ನು ಕೆಡಿಸೋದು ಯಾಕೆ? ಕೊರಿಯನ್ನರು ಇಂಥ ಹೋಟೆಲನ್ನು ‘ಚೀನಾ ಮನೆ’ ಅನ್ನೋ ಅರ್ಥ ಬರುವ ಹಾಗೆ ಚುಂಗುಕ್‌ಚಿಪ್ ಅಂತಾರೆ. ಬೆಂಗಳೂರಿನಲ್ಲಿ ‘ದೊನ್ನೆ ಬಿರಿಯಾನಿ ಮನೆ’ ಬೋರ್ಡು ನೋಡಿದವರಿಗೆ ‘ಚೈನೀಸ್ ಮನೆ’ಯೂ ಕಿವಿಗೆ ಹಿತವಾಗಬಹುದೇನೋ.

ಇನ್ನು ತಿನ್ನುವ ಮಾತು. ಇಲ್ಲಿ ಕನ್ನಡ ಶ್ರೀಮಂತವಾಗಿದೆ, ಆದರೆ ನಾವು ಬಳಸುತ್ತಿಲ್ಲ. ಜಾಜಂಗ್‌ಮ್ಯನ್ ಬಟ್ಟಲಲ್ಲಿ ಕೆಳಗೆ ಬಿಳೀ ನೂಡಲ್ಸ್, ಮೇಲೆ ಕಪ್ಪು ಗೊಜ್ಜು ಇರುತ್ತದೆ. ಬಂದ ತಕ್ಷಣ ಚಾಪ್‌ಸ್ಟಿಕ್ಕಿನಿಂದ ತಳದ ತನಕ ತಿರುವಬೇಕು, ಬಿಟ್ಟರೆ ಅಂಟಿಕೊಳ್ಳುತ್ತದೆ. ಅಡುಗೆ ವಿಡಿಯೋಗಳಲ್ಲಿ ಇದನ್ನು ‘ಮಿಕ್ಸ್ ಮಾಡಿ’ ಅಂತಾರೆ, ಸ್ವಲ್ಪ ಓದಿದವರಾದರೆ ‘ಮಿಶ್ರಣ ಮಾಡಿ’ ಅಂತಾರೆ, ಸಿಮೆಂಟು ಕೆಲಸದ ಹಾಗೆ ಕೇಳಿಸುತ್ತೆ. ‘ಕಲಸಿ’ ಅಂದರೆ ಸಾಕಲ್ವಾ? ಬೆರೆಸುವುದು, ಕಲಕುವುದು ಎರಡೂ ಇಲ್ಲಿ ಕೂರುವುದಿಲ್ಲ.

ಥಂಗ್‌ಸುಯುಕ್ ಅಂತ ಇನ್ನೊಂದಿದೆ, ಕರಿದ ಹಂದಿಮಾಂಸದ ತುಂಡಿಗೆ ಹುಳಿಸಿಹಿ ರಸ. ರಸವನ್ನು ಮೇಲೆ ಸುರಿದುಕೊಂಡು ತಿನ್ನಬೇಕೋ, ಒಂದೊಂದೇ ತುಂಡು ಅದ್ದಿಕೊಂಡು ತಿನ್ನಬೇಕೋ ಅಂತ ಕೊರಿಯಾದ ಹುಡುಗರಲ್ಲಿ ತಮಾಷೆಯ ಜಗಳವೇ ಇದೆ, ಎರಡು ಪಂಗಡಕ್ಕೂ ಹೆಸರಿದೆ. ನಾನು ‘ಸುರುಕರು, ಅದ್ದುಕರು’ ಅಂತ ಬರೆದು ಅಳಿಸಿದೆ. ಇದಕ್ಕಿಂತ ಚೆನ್ನಾಗಿರೋದು ಇದ್ದರೆ ಕೊಡಿ. ಜೊತೆಗೆ ಬಟ್ಟಲಲ್ಲಿ ಹಳದಿ ಮೂಲಂಗಿ ಉಪ್ಪಿನಕಾಯಿ, ಹಸಿ ಈರುಳ್ಳಿ, ಒಂದು ಚೂರು ಹಸಿ ಕಪ್ಪು ಗೊಜ್ಜು ಇಡುತ್ತಾರೆ. ಈರುಳ್ಳಿಯನ್ನು ಗೊಜ್ಜಿಗೆ ಅದ್ದಿ ನೂಡಲ್ಸ್ ಜೊತೆ ನಂಚಿಕೊಳ್ಳುತ್ತಾರೆ. ಈ ‘ನಂಚಿಕೊಳ್ಳು’ವನ್ನು ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಹೇಳಿ ನೋಡೋಣ.

ಒಂದು ಅನುಮಾನ ಉಳಿದಿದೆ. ಕೊರಿಯಾದಲ್ಲಿ ಮನೆ ಬದಲಾಯಿಸಿದ ದಿನ ಜಾಜಂಗ್‌ಮ್ಯನ್ ತರಿಸಿಕೊಳ್ಳುವುದು ರೂಢಿ. ಅವರಿಗೆ ಅದೇ ಆವತ್ತಿನ ಊಟ. ‘ಮಧ್ಯಾಹ್ನ ಜಾಜಂಗ್‌ಮ್ಯನ್ ಉಂಡರು’ ಅಂತ ಬರೆಯಲು ಕೈ ಬರುತ್ತಿಲ್ಲ, ‘ತಿಂದರು’ ಅಂದರೆ ಸಂಜೆಯ ತಿಂಡಿಯಾಗಿಬಿಡುತ್ತದೆ. ಅನ್ನ, ಮುದ್ದೆ, ರೊಟ್ಟಿ ಬಿಟ್ಟು ಬೇರೆ ಯಾವುದಕ್ಕಾದರೂ ನಿಮ್ಮ ಕಡೆ ‘ಉಣ್ಣು’ ಅಂತಾರಾ? ಧಾರವಾಡ, ಕಲಬುರಗಿ ಕಡೆಯವರು ಹೇಳಬೇಕು.

ಕಾಗುಣಿತದ್ದೂ ಒಂದು ಕೇಳಿಬಿಡುತ್ತೇನೆ. ಇಂಗ್ಲಿಷ್ ‘ಜೆ’ ನೋಡಿ ನಾವು ‘ಜಾಜಂಗ್’ ಅಂತ ಬರೆಯುತ್ತೇವೆ, ಮೇಲೆ ನಾನೂ ಹಾಗೇ ಬರೆದಿದ್ದೇನೆ. ಅಲ್ಲಿಯ ಜನ ಮಾತಾಡುವಾಗ ಶುರುವಿನಲ್ಲಿ ಕೇಳಿಸೋದು ಬಿಗಿಯಾದ ‘ಚಾ’. ಅವರಲ್ಲೇ ಈ ಜಗಳ ನಡೆದಿತ್ತು. ಪುಸ್ತಕದ ಕಾಗುಣಿತ ಮೆತ್ತಗಿನ ಅಕ್ಷರದಲ್ಲಿತ್ತು, ಜನರ ಬಾಯಲ್ಲಿ ಬಿಗಿಯಾದ ಅಕ್ಷರ. ಕೊನೆಗೆ 2011ರ ಆಗಸ್ಟ್‌ನಲ್ಲಿ ಅಲ್ಲಿಯ ರಾಷ್ಟ್ರೀಯ ಭಾಷಾ ಸಂಸ್ಥೆ ಎರಡೂ ಸರಿ ಅಂತ ಒಪ್ಪಿಕೊಂಡಿತು. ಹಾಗಿದ್ದಮೇಲೆ ನಾವು ಕಿವಿಗೆ ಕೇಳಿದಂತೆ ‘ಚಾಜಂಗ್‌ಮ್ಯನ್’ ಅಂತ ಬರೆದರೇನು ತಪ್ಪು? ಕೆಂಪು ಖಾರದ ಮೀನು-ಸಿಗಡಿ ನೂಡಲ್ಸ್ ಸಾರೂ ಹಾಗೆಯೇ, ‘ಜಂಪೊಂಗ್’ಗಿಂತ ‘ಚಂಪೊಂಗ್’ ಹತ್ತಿರ. ಥಂಗ್‌ಸುಯುಕ್‌ನಲ್ಲಿ ಮಾತ್ರ ಉಸಿರು ಬೆರೆತ ‘ಥ’ ನಿಜಕ್ಕೂ ಇದೆ. ಮಹಾಪ್ರಾಣ ಬೇಡ ಅನ್ನುವ ಗೆಳೆಯರು ಕೋಪಿಸಿಕೊಳ್ಳಬೇಡಿ.

ಕೊನೆಯದು. ಜಾಸ್ತಿ ಆರ್ಡರ್ ಮಾಡಿದರೆ ಈ ಹೋಟೆಲಿನವರು ಕರಿದ ಮಾಂಡುವನ್ನು (ಹೂರಣ ತುಂಬಿದ, ಮೊಮೊದಂಥ ತಿನಿಸು) ದುಡ್ಡಿಲ್ಲದೆ ಕೊಡುತ್ತಾರೆ, ಅದಕ್ಕೆ ‘ಸರ್ವಿಸ್’ ಅನ್ನೋ ಇಂಗ್ಲಿಷ್ ಪದವನ್ನೇ ತಮ್ಮ ಉಚ್ಚಾರದಲ್ಲಿ ಬಳಸುತ್ತಾರೆ. ನನಗೆ ತಕ್ಷಣ ನೆನಪಾಗಿದ್ದು ‘ಕೊಸರು’. ಆದರೆ ಕೊಸರು ಅಂದರೆ ಕೊಂಡ ಸಾಮಾನೇ ಇನ್ನೊಂದು ಹಿಡಿ ಜಾಸ್ತಿ ಅಲ್ವಾ, ಬದನೆಕಾಯಿಗೆ ಬದನೆಕಾಯಿ, ಹಾಲಿಗೆ ಹಾಲು. ನೂಡಲ್ಸ್ ಕೊಂಡಾಗ ಮಾಂಡು ಕೊಟ್ಟರೆ ಅದನ್ನು ಕೊಸರು ಅನ್ನಬಹುದಾ? ನಿಮ್ಮ ಊರಿನ ಸಂತೆಯಲ್ಲಿ ತರಕಾರಿ ಜೊತೆ ಸುಮ್ನೆ ಹಾಕಿಕೊಡುವ ಕರಿಬೇವಿಗೆ ಏನಂತಾರೆ, ತಿಳಿಸಿ.