ಮಡಿಕೇರಿಯ ಗದ್ದಿಗೆ: ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ತಲಕಾವೇರಿಗೆ ಹೋಗುವ ದಾರಿಯಲ್ಲಿ ಮಡಿಕೇರಿಯಲ್ಲಿ ಅರ್ಧ ದಿನ ಇರುತ್ತೇವೆ. ಜೊತೆಗೆ ಅತ್ತೆ ಇದ್ದಾರೆ, ಮಂಡಿ ನೋವು. ರಾಜರ ಗದ್ದಿಗೆ, ಅಂದರೆ ಸಮಾಧಿ, ನೋಡುವಂಥದ್ದಾ, ಇಲ್ಲ ಸುಮ್ನೆ ರಾಜಾಸೀಟು ಉದ್ಯಾನದಲ್ಲಿ ಕೂರುವುದೇ ವಾಸಿನಾ? ಹೋಗಿ ಬಂದವರು ಹೇಳಿ.

– ಹೋಗಿ ಅಕ್ಕ. ರಾಜಾಸೀಟು ಸಂಜೆಗಿರಲಿ. ನಾನು ಇದೇ ಊರಿನವಳು, ಬಂದ ನೆಂಟರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಜಾಸ್ತಿ ಜನ ಗುಮ್ಮಟ, ಮಿನಾರು ನೋಡಿ ಇದ್ಯಾವುದೋ ದರ್ಗಾ ಅಂದುಕೊಂಡು ಫೋಟೋ ತೆಗೆದು ಹೊರಟುಬಿಡುತ್ತಾರೆ. ತಲೆ ಎತ್ತಿ ನೋಡಿ, ಮೇಲೆ ನಂದಿ ಕೂತಿದೆ. ಕೊಡಗನ್ನು ಆಳಿದ ಹಾಲೇರಿ ರಾಜರು ಲಿಂಗಾಯತರು, ಸತ್ತವರನ್ನು ಮಣ್ಣು ಮಾಡುವ ಪದ್ಧತಿ, ಅದಕ್ಕೇ ಗದ್ದಿಗೆ. ನಡುವಿನ ಕಟ್ಟಡ ದೊಡ್ಡವೀರರಾಜೇಂದ್ರ ಮತ್ತು ರಾಣಿಯದು. ಬಲಕ್ಕಿರುವುದು ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ. ಅಪ್ಪನಿಗೆ ಇಷ್ಟು ಚೆಂದದ ಗದ್ದಿಗೆ ಕಟ್ಟಿಸಿದವನಿಗೇ ಇಲ್ಲಿ ಜಾಗ ಸಿಗಲಿಲ್ಲ. 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು, ಆಮೇಲೆ ಲಂಡನ್ನಿಗೆ ಹೋದವನು ಅಲ್ಲೇ ತೀರಿಕೊಂಡ. ಎಡಕ್ಕಿರುವುದು ರಾಜಗುರು ರುದ್ರಪ್ಪನವರದು. ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಮಡಿದ ರಾಜರ ಅಧಿಕಾರಿ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ, ಇಬ್ಬರ ಸಮಾಧಿ ಇವೆ. ಚಿಕ್ಕವು, ಹುಡುಕಿ ನೋಡಿ. ನನಗಂತೂ ದೊಡ್ಡ ಗುಮ್ಮಟಕ್ಕಿಂತ ಅವೇ ಇಷ್ಟ.

– ಮಂಡಿ ನೋವಿನ ವಿಷಯ ಯಾರೂ ಹೇಳಲಿಲ್ಲವಲ್ಲ! ಜಾಗ ಗುಡ್ಡದ ಮೇಲಿದೆ, ಮಹದೇವಪೇಟೆಯಿಂದ ನಡೆದು ಹತ್ತಿಸಬೇಡಿ, ಗಾಡಿಯಲ್ಲೇ ಹೋಗಿ. ಕಟ್ಟಡಗಳು ಎತ್ತರದ ಜಗಲಿ ಮೇಲಿವೆ, ಮೆಟ್ಟಿಲು ಹತ್ತಲಾಗದಿದ್ದರೆ ಅತ್ತೆ ಕೆಳಗೆ ಕೂತೇ ನೋಡಬಹುದು, ಹೊರಗಿನಿಂದಲೇ ನೋಡುವುದು ಜಾಸ್ತಿ ಇರುವುದು. ಶುಕ್ರವಾರ ಮಾತ್ರ ಬೇಡ, ಸಂತೆ ದಿನ, ಆ ರಸ್ತೆಯಲ್ಲಿ ಗಾಡಿ ತಿರುಗಿಸುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದರೆ ಕಲ್ಲೆಲ್ಲ ಪಾಚಿ, ಜಾರುತ್ತದೆ. ಹುಲ್ಲಿಗೆ ಇಳಿದರೆ ಜಿಗಣೆ ಗ್ಯಾರಂಟಿ.

– ಒಂದು ಸೇರಿಸುತ್ತೇನೆ. ಗದ್ದಿಗೆ ಆದ ಮೇಲೆ ಓಂಕಾರೇಶ್ವರ ದೇವಸ್ಥಾನ ಬಿಡಬೇಡಿ. ಅದನ್ನು ಲಿಂಗರಾಜೇಂದ್ರ ಕಟ್ಟಿಸಿದ್ದು, ಅದೂ 1820ರದ್ದೇ, ಅಲ್ಲೂ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ಆಗಿನ ಮಡಿಕೇರಿಯ ಕೆಲಸದವರ ಕೈ ಗುರುತಾಗುತ್ತದೆ. ಕೋಟೆ ಉಳಿದರೆ ಉಳಿಯಲಿ, ಅರ್ಧ ದಿನಕ್ಕೆ ಇಷ್ಟು ಸಾಕು ಅಲ್ವಾ?