ಸಹಾಯ ಬೇಕು: ಚರ್ಚ್ ಹಾಲ್‌ನಲ್ಲಿ ಬಿಪಿ, ಶುಗರ್ ತಪಾಸಣೆ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ನಮ್ಮ ಚರ್ಚಿನ ಸಭೆ ತೀರಾ ಚಿಕ್ಕದು, ಇಪ್ಪತ್ತೆರಡು ಮನೆ. ಕಳೆದ ವರ್ಷ ಕಣ್ಣಿನ ಶಿಬಿರ ಇಟ್ಟೆವು. ಬ್ಯಾನರ್ ದೊಡ್ಡದಿತ್ತು, ಬಂದವರು ಒಂಬತ್ತು ಜನ. ಅದರಲ್ಲಿ ಏಳು ನಮ್ಮವರೇ! ಆಮೇಲೆ ಪಕ್ಕದ ಮನೆ ಅಕ್ಕ ಮೆಲ್ಲಗೆ ಹೇಳಿದರು, "ಒಳಗೆ ಬಂದ್ರೆ ಪ್ರಾರ್ಥನೆ ಮಾಡಿಸ್ತೀರೇನೋ ಅಂತ ಹೆದರಿಕೆ ಮಾರಾಯ್ರೆ." ಅವರ ಹೆದರಿಕೆ ತಪ್ಪಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ಮಾಡಿದರು. ನಮ್ಮ ಕೈಲಿ ಅಷ್ಟಾಗದು. ಇರುವುದು ಒಂದು ಹಾಲ್, ಮೂವತ್ತು ಕುರ್ಚಿ, ಒಬ್ಬರು ನಿವೃತ್ತ ನರ್ಸ್. ತಿಂಗಳಿಗೊಮ್ಮೆ ಬಿಪಿ, ಶುಗರ್ ನೋಡಿ, ಗಂಜಿ ಚಟ್ನಿ ಕೊಡೋಣ ಅಂತಿದ್ದೇವೆ. ಕರಪತ್ರ, ಪ್ರಾರ್ಥನೆ ಏನೂ ಇಲ್ಲ.

ಹಾಲ್ ಬಿಟ್ಟು ಅಂಗನವಾಡಿಯಲ್ಲಿ ಮಾಡಿದರೆ ಜನ ಜಾಸ್ತಿ ಬರಬಹುದಾ? ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಶುಗರ್ ನೋಡುವ ಸ್ಟ್ರಿಪ್ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ?